ಸ್ಕೂಬಾ ಕಲಿಯೋರಿಗೆ ಮೊದಲ ಹತ್ತು ಮೀಟರೇ ಮುಖ್ಯ

ಸ್ಕೂಬಾ, ಅಂದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ನೀರೊಳಗೆ ಇಳಿಯೋದು, ಕಲೀಬೇಕು ಅಂತ ಹೊರಟವರು ಸಾಮಾನ್ಯವಾಗಿ ಕೇಳೋ ಮೊದಲ ಪ್ರಶ್ನೆ, ಎಷ್ಟು ಆಳಕ್ಕೆ ಕರ್ಕೊಂಡು ಹೋಗ್ತಾರೆ ಅನ್ನೋದು. ಎರಡನೇದು ರೇಟ್ ಎಷ್ಟು, ಮೂರನೇದು ವಿಡಿಯೋ ಮಾಡ್ಕೊಡ್ತಾರಾ. ನನ್ನ ಕೇಳಿದ್ರೆ ಮೊದಲು ಕೇಳಬೇಕಾದ್ದು ಬೇರೆ: ಆಳಕ್ಕೆ ಇಳಿಸೋ ಮುಂಚೆ, ಆಳ ಇಲ್ಲದ ನೀರಲ್ಲಿ ನನಗೆ ಎಷ್ಟು ಹೊತ್ತು ಕಲಿಸ್ತೀರಾ? ಯಾಕಂದ್ರೆ ಒತ್ತಡದ ವಿಷಯದಲ್ಲಿ ನಮ್ಮ ದೇಹಕ್ಕೆ ಅತಿ ದೊಡ್ಡ ಬದಲಾವಣೆ ಆಗೋದು ಮೊದಲ 10 ಮೀಟರಲ್ಲೇ.

ಲೆಕ್ಕ ಸುಲಭ ಇದೆ. ದಡದ ಮೇಲೆ ನಿಂತಾಗ ನಮ್ಮ ಮೇಲಿರೋ ಅಷ್ಟೂ ಗಾಳಿ ಸೇರಿ ಒಂದು ವಾತಾವರಣದಷ್ಟು ಒತ್ತಡ. ಸಮುದ್ರದ ನೀರು ಎಷ್ಟು ಭಾರ ಅಂದ್ರೆ ಬರೀ 10 ಮೀಟರ್ ಇಳಿದ್ರೆ ಅಷ್ಟೇ ಒತ್ತಡ ಇನ್ನೊಂದು ಸಲ ಸೇರ್ಕೊಳ್ಳುತ್ತೆ. ಹಾಗಾಗಿ 10 ಮೀಟರಲ್ಲಿ 2, 20ರಲ್ಲಿ 3, 30ರಲ್ಲಿ 4. ಒತ್ತಡ ಎರಡು ಪಟ್ಟಾದ್ರೆ ಗಾಳಿಯ ಗಾತ್ರ ಅರ್ಧ ಆಗುತ್ತೆ ಅಂತ ಹೈಸ್ಕೂಲಲ್ಲಿ ಓದಿದ ಬಾಯ್ಲ್ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತೆ. ಮೇಲಿಂದ 10 ಮೀಟರ್ ಇಳಿಯುವಾಗ ಒತ್ತಡ ಡಬಲ್, ಆದ್ರೆ 20ರಿಂದ 30ಕ್ಕೆ ಇಳಿಯುವಾಗ ಮೂರನೇ ಒಂದು ಭಾಗ ಮಾತ್ರ ಜಾಸ್ತಿ.

ಇದನ್ನ ಮೊದಲು ಹೇಳೋದು ಕಿವಿ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತಲ್ಲ, ಸುಮಾರು 500 ಮೀಟರ್ ಇಳಿತಕ್ಕೆ ಆಗೋ ಒತ್ತಡದ ವ್ಯತ್ಯಾಸ ಅದು, ನೀರಲ್ಲಿ ಅಷ್ಟೇ ವ್ಯತ್ಯಾಸಕ್ಕೆ ಅರ್ಧ ಮೀಟರ್ ಚಿಲ್ಲರೆ ಇಳಿದ್ರೆ ಸಾಕು. ಕಿವಿ ತಮಟೆಯ ಹಿಂದೆ ಒಂದು ಚಿಕ್ಕ ಗಾಳಿ ತುಂಬಿದ ಜಾಗ ಇದೆ, ಅಲ್ಲಿಂದ ಗಂಟಲ ಹಿಂಭಾಗಕ್ಕೆ ಸಣ್ಣ ನಾಳ. ಮೂಗು ಹಿಡ್ಕೊಂಡು ಮೆತ್ತಗೆ ಊದಿದ್ರೆ ಆ ನಾಳ ತೆರ್ಕೊಂಡು ಗಾಳಿ ಒಳಗೆ ಹೋಗಿ ಎರಡೂ ಕಡೆ ಸಮ ಆಗುತ್ತೆ. ಡೈವರ್‌ಗಳು ಈಕ್ವಲೈಸ್ ಮಾಡೋದು ಅನ್ನೋದು ಇದಕ್ಕೇ. ನೋವು ಬಂದ ಮೇಲೆ ಮಾಡಿದ್ರೆ ಲೇಟು, ಒತ್ತಡಕ್ಕೆ ನಾಳದ ಬಾಯಿ ಮುಚ್ಕೊಂಡು ಬಿಟ್ಟಿರುತ್ತೆ, ಜೋರಾಗಿ ಊದಿದಷ್ಟೂ ಕಿವಿಗೆ ಡ್ಯಾಮೇಜು. ಅದಕ್ಕೇ ಇಳಿಯೋಕೆ ಶುರು ಮಾಡಿದ ಕೂಡ್ಲೇ, ಪ್ರತಿ ಅರ್ಧ ಒಂದು ಮೀಟರಿಗೆ ಒಂದು ಸಲ ಮಾಡ್ತಾ ಇರ್ಬೇಕು, ಆಗ್ಲಿಲ್ಲ ಅಂದ್ರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡ್ಬೇಕು. ನೆಗಡಿ ಇದ್ದ ದಿನ ನೀರಿಗೆ ಇಳೀಲೇಬಾರದು.

ಆದ್ರೆ ಕಿವಿ ಕೊಡೋದು ನೋವು, ಶ್ವಾಸಕೋಶದ ವಿಷಯ ಅದಕ್ಕಿಂತ ಗಂಭೀರ. 10 ಮೀಟರ್ ಆಳದಲ್ಲಿ ಸಿಲಿಂಡರಿಂದ ಎದೆ ತುಂಬಾ ಉಸಿರು ತಗೊಂಡು, ಅದನ್ನ ಹಿಡ್ಕೊಂಡೇ ಯಾರಾದ್ರೂ ಮೇಲೆ ಬಂದ್ರೆ ಒಳಗಿನ ಗಾಳಿ ಎರಡು ಪಟ್ಟು ಹಿಗ್ಗೋಕೆ ನೋಡುತ್ತೆ, ಎದೆಗೂಡಲ್ಲಿ ಅಷ್ಟು ಜಾಗ ಇಲ್ಲ, ಶ್ವಾಸಕೋಶದ ಸಣ್ಣ ಸಣ್ಣ ಗಾಳಿಚೀಲಗಳು ಹರಿದು ಗಾಳಿ ಗುಳ್ಳೆಗಳು ರಕ್ತಕ್ಕೆ ಸೇರಿ ಮೆದುಳಿಗೂ ಹೋಗಬಹುದು. ಇದಕ್ಕೆ 10 ಮೀಟರೂ ಬೇಡ, ಒಂದೂವರೆ ಮೀಟರ್ ಆಳದ ಈಜುಕೊಳದಲ್ಲೂ ಆಗಬಹುದು. ಸ್ಕೂಬಾದ ಮೊದಲ ನಿಯಮ ಉಸಿರು ಯಾವತ್ತೂ ಹಿಡೀಬೇಡಿ ಅಂತ ಇರೋದು ಇದಕ್ಕೇ. ಸಿಲಿಂಡರ್ ಇಲ್ಲದೆ ಬರೀ ಉಸಿರು ಕಟ್ಟಿ ಮುಳುಗೋರಿಗೆ ಈ ತೊಂದರೆ ಇಲ್ಲ, ಅವರು ಮೇಲಿಂದ ತಗೊಂಡು ಹೋದ ಗಾಳಿ ಕುಗ್ಗಿ ಮತ್ತೆ ಮೊದಲಿನಷ್ಟೇ ಆಗುತ್ತೆ. ಸ್ಕೂಬಾದಲ್ಲಿ ನಾವು ಉಸಿರಾಡೋದು ಆ ಆಳದ ಒತ್ತಡಕ್ಕೆ ಸಮನಾದ ಗಾಳಿ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾ ಮಾಡಿದ ರೆಗ್ಯುಲೇಟರಿನ ಕೆಲಸವೇ ಅದು, ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನ, ಉಸಿರು ಎಳೆದಾಗ ಮಾತ್ರ ಕೊಡೋದು.

ಈಗ ಕಣ್ಣು, ಮೂಗು ಮುಚ್ಚೋ ಮಾಸ್ಕ್ ವಿಷಯಕ್ಕೆ ಬರೋಣ, ಹೊಸಬರು ಅತ್ಯಂತ ಬೇಜಾರು ಪಡೋ ಪ್ರಾಕ್ಟೀಸು ಇದು. ನೀರೊಳಗೆ ಮಂಡಿ ಊರಿ ಕೂತು, ಮಾಸ್ಕಿನ ಅಂಚನ್ನ ಬೇಕಂತಲೇ ಸಡಿಲ ಮಾಡಿ ನೀರು ಬಿಟ್ಕೊಳ್ಬೇಕು. ತಣ್ಣನೆ ನೀರು ಮೂಗಿನ ಹತ್ರ ಏರ್ತಾ ಇದ್ದ ಹಾಗೇ ಉಸಿರು ತಾನಾಗೇ ನಿಂತು ಬಿಡುತ್ತೆ. ಹೆದರಿಕೆಯಿಂದ ಮಾತ್ರ ಅಲ್ಲ, ಮುಖಕ್ಕೆ, ಮೂಗಿಗೆ ನೀರು ತಾಗಿದ್ರೆ ಉಸಿರು ನಿಲ್ಲಿಸೋದು ದೇಹದ ಹುಟ್ಟುಗುಣ. ಆಗ ಬಾಯಿಂದ ಮಾತ್ರ ಉಸಿರಾಡ್ತಾ, ಮಾಸ್ಕಿನ ಮೇಲ್ಭಾಗ ಹಣೆಗೆ ಒತ್ತಿ ಹಿಡಿದು, ತಲೆ ಸ್ವಲ್ಪ ಎತ್ತಿ, ಮೂಗಿಂದ ನಿಧಾನಕ್ಕೆ ಊದಬೇಕು, ಗಾಳಿ ಮೇಲೆ ಸೇರಿ ನೀರನ್ನ ಕೆಳಗಿಂದ ಆಚೆ ತಳ್ಳುತ್ತೆ. ಇಷ್ಟೇ. ಆದ್ರೆ ಇದು ಅಭ್ಯಾಸ ಇಲ್ಲದವರಿಗೆ 8 ಮೀಟರ್ ಆಳದಲ್ಲಿ ಇನ್ನೊಬ್ಬರ ಕಾಲಿನ ಫಿನ್ ತಾಗಿ ಮಾಸ್ಕ್ ಜಾರಿದ್ರೆ ಏನಾಗುತ್ತೆ ಯೋಚ್ನೆ ಮಾಡಿ: ಉಸಿರು ಕಟ್ಟುತ್ತೆ, ಗಾಬರಿ ಆಗುತ್ತೆ, ಸೀದಾ ಮೇಲಕ್ಕೆ ಕಾಲು ಬಡೀತಾರೆ. ಉಸಿರು ಕಟ್ಟಿ ಮೇಲೇರೋದು, ಅಂದ್ರೆ ಈಗಷ್ಟೇ ಹೇಳಿದ ಅದೇ ಅಪಾಯ. ಕಣ್ಣಿಗೆ ನೀರು ಹೋಗ್ಬಾರ್ದು ಅಂತ ಕಲಿಸ್ತಾರೆ ಅನ್ಕೊಂಡ ಈ ಪಾಠ ಅಸಲಿಗೆ ಶ್ವಾಸಕೋಶ ಕಾಪಾಡೋ ಪಾಠ. ಅದಕ್ಕೇ ಇದನ್ನ ಒಂದು ಸಲ ಮಾಡ್ಸಿ ಟಿಕ್ ಹಾಕೋ ಕಡೆ ಕಲೀಬೇಡಿ, ಬೋರ್ ಆಗೋವರೆಗೂ ಮಾಡಿಸೋ ಕಡೆ ಹೋಗಿ.

ತೇಲೋದು ಮುಳುಗೋದೂ ಹಾಗೇ. ಮೈಮೇಲಿರೋ ಜಾಕೆಟ್ಟಿಗೆ, ಅಂದ್ರೆ ಬಿಸಿಡಿಗೆ, ಚೂರು ಗಾಳಿ ತುಂಬಿ ನೀರಲ್ಲಿ ಸಮ ಆಗಿ ನಿಲ್ಬೇಕು. ಎರಡು ಮೀಟರ್ ಮೇಲೇರಿದ್ರೆ ಒಳಗಿನ ಗಾಳಿ ಹಿಗ್ಗಿ ಇನ್ನಷ್ಟು ಮೇಲಕ್ಕೆ ಎಳೆಯುತ್ತೆ, ಏರಿದಷ್ಟೂ ಸ್ಪೀಡ್ ಜಾಸ್ತಿ. ಇದೂ ಆಳ ಕಮ್ಮಿ ಇರೋ ಕಡೆನೇ ಹೆಚ್ಚು ಕಷ್ಟ. ಇದು ಬರದವರು ಹವಳದ ಮೇಲೆ ಕಾಲಿಟ್ಟು ನಿಲ್ತಾರೆ, ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆಯೋ ಹವಳ ಒಂದು ಫಿನ್ ಏಟಿಗೆ ಮುರಿಯುತ್ತೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಸರಿ, ಕೋರ್ಸ್ ಯಾವುದು ತಗೋಬೇಕು? ಮುರುಡೇಶ್ವರದಿಂದ ಬೋಟಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮಾಡೋ ಒಂದು ದಿನದ್ದು ಕೋರ್ಸ್ ಅಲ್ಲ, ಅದು ಟ್ರೈ ಡೈವ್. ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡ್ಕೊಂಡೇ ಇರ್ತಾರೆ, ಜಾಕೆಟ್ಟಿನ ಗಾಳಿ ಅವರೇ ನೋಡ್ಕೊಳ್ತಾರೆ, ಹೆಚ್ಚಂದ್ರೆ 12 ಮೀಟರ್. ನೀರೊಳಗಿನ ಲೋಕ ನಂಗೆ ಒಗ್ಗುತ್ತಾ ಅಂತ ನೋಡೋಕೆ ಒಳ್ಳೇದು, ಖಂಡಿತ ಮಾಡಿ, ಆದ್ರೆ ಅದರಿಂದ ಡೈವಿಂಗ್ ಬಂತು ಅಂತ ಅಲ್ಲ. ನಿಜವಾದ ಮೊದಲ ಕೋರ್ಸು ಓಪನ್ ವಾಟರ್. ಥಿಯರಿ, ಈಜುಕೊಳದಲ್ಲೋ ಶಾಂತವಾದ ನೀರಲ್ಲೋ ಪ್ರಾಕ್ಟೀಸ್, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್, ಎಲ್ಲ ಸೇರಿ ಮೂರ್ನಾಲ್ಕು ದಿನ. ಮುಗಿದ ಮೇಲೆ ಇನ್ನೊಬ್ಬ ಸರ್ಟಿಫೈಡ್ ಜೊತೆಗಾರರೊಂದಿಗೆ 18 ಮೀಟರ್ ತನಕ ಹೋಗಬಹುದು. 10 ವರ್ಷ ತುಂಬಿದ ಮಕ್ಕಳೂ ಕಲೀಬಹುದು, ಅವರಿಗೆ ಮಿತಿ ಬೇರೆ.

ಡೈವಿಂಗ್ ಸರ್ಟಿಫಿಕೇಟ್ ಕೊಡೋ ಸಂಸ್ಥೆಗಳಲ್ಲಿ ಪ್ಯಾಡಿ ಒಳ್ಳೇದಾ ಎಸ್‌ಎಸ್‌ಐ ಒಳ್ಳೇದಾ ಅಂತ ತಲೆ ಕೆಡಿಸ್ಕೊಳ್ಳೋರು ಜಾಸ್ತಿ. ಎರಡರ ಓಪನ್ ವಾಟರ್ ಕೋರ್ಸೂ ಒಂದೇ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡಕ್ಕೆ ಹೊಂದುತ್ತೆ, ಕಾರ್ಡು ಎಲ್ಲ ಕಡೆ ನಡೆಯುತ್ತೆ. ವ್ಯತ್ಯಾಸ ಆಗೋದು ಕಲಿಸೋ ವ್ಯಕ್ತಿಯಿಂದ. ಒಬ್ಬರ ಹತ್ರ ಎಷ್ಟು ಜನ ಸ್ಟೂಡೆಂಟ್ಸ್ ಇರ್ತಾರೆ ಅಂತ ಕೇಳಿ, ನಾಲ್ಕಕ್ಕಿಂತ ಕಮ್ಮಿ ಇದ್ರೆ ನೆಮ್ಮದಿ. ನೀವು ಹೇಳಿದ ದಿನದೊಳಗೆ ನನಗೆ ಮಾಸ್ಕ್ ಪ್ರಾಕ್ಟೀಸ್ ಸರಿ ಬರ್ಲಿಲ್ಲ ಅಂದ್ರೆ ಏನ್ಮಾಡ್ತೀರಾ ಅಂತ ಕೇಳಿ, ಇನ್ನೊಂದು ದಿನ ಕೊಡ್ತೀವಿ ಅನ್ನೋರು ಸಿಕ್ಕಿದ್ರೆ ಬಿಡಬೇಡಿ. ಬೋಟಲ್ಲಿ ಎಮರ್ಜೆನ್ಸಿ ಆಕ್ಸಿಜನ್ ಇರ್ಬೇಕು. ಅಸ್ತಮಾ, ಹೃದಯ, ಫಿಟ್ಸ್, ಕಿವಿ ಆಪರೇಷನ್ ಬಗ್ಗೆ ಕೇಳೋ ಮೆಡಿಕಲ್ ಫಾರಂ ಕೊಡದೇ ನೀರಿಗಿಳಿಸೋ ಕಡೆಯಿಂದ ದುಡ್ಡು ಹೋದ್ರೂ ಪರವಾಗಿಲ್ಲ ಅಂತ ಎದ್ದು ಬನ್ನಿ, ಆ ಫಾರಂನಲ್ಲಿ ಸುಳ್ಳೂ ಬರೀಬೇಡಿ.

ಬೆಂಗಳೂರಿನವರಿಗೆ ಒಂದು ವಿಷಯ ಬೇರೆಯಾಗೇ ಹೇಳ್ಬೇಕು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರೋ ನೈಟ್ರೋಜನ್ ಹೆಚ್ಚಾಗಿ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗುತ್ತೆ, ಮೇಲೆ ಬಂದ ಮೇಲೂ ಗಂಟೆಗಟ್ಟಲೆ ನಿಧಾನಕ್ಕೆ ಆಚೆ ಹೋಗ್ತಾ ಇರುತ್ತೆ. ಅವಸರದಲ್ಲಿ ಒತ್ತಡ ಇಳಿದ್ರೆ ಅದು ದೇಹದೊಳಗೇ ಗುಳ್ಳೆ ಕಟ್ಟಿ ಕೀಲು ನೋವಿಂದ ಹಿಡಿದು ಲಕ್ವದವರೆಗೆ ತರಬಹುದು. ವಿಮಾನ ಹತ್ತೋ ಮುಂಚೆ ಒಂದು ಡೈವಿಗೆ 12 ಗಂಟೆ, ಹಲವು ಡೈವ್ ಮಾಡಿದ್ರೆ 18 ಗಂಟೆ ಕಾಯಿರಿ ಅನ್ನೋದು ಇದಕ್ಕೇ, ಆ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರು ಆಗುತ್ತೆ. ಬೆಂಗಳೂರು 900 ಮೀಟರ್ ಮೇಲಿದೆ. ಆಳ ಕಮ್ಮಿ ಇರೋ ಒಂದು ಟ್ರೈ ಡೈವಲ್ಲಿ ಸೇರೋ ನೈಟ್ರೋಜನ್ ಕಮ್ಮಿನೇ, ಆದ್ರೆ ಕೋರ್ಸಿನ ಕೊನೇ ಡೈವ್ ಮುಗಿಸಿ ಅದೇ ಸಂಜೆ ಬಸ್ ಹತ್ತಿ ಘಟ್ಟ ಏರೋ ಪ್ಲಾನ್ ಬೇಡ, ಒಂದು ರಾತ್ರಿ ಕರಾವಳಿಯಲ್ಲೇ ಉಳ್ಕೊಳ್ಳಿ.

ಮಳೆಗಾಲದಲ್ಲಿ ಹೇಗೂ ನೇತ್ರಾಣಿಗೆ ಬೋಟ್ ಹೋಗಲ್ಲ. ಆ ತಿಂಗಳುಗಳಲ್ಲಿ ಊರಿನ ಈಜುಕೊಳದಲ್ಲಿ ನಿಲ್ಲದೆ 200 ಮೀಟರ್ ಈಜೋದು, ಏನೂ ಹಿಡ್ಕೊಳ್ದೆ 10 ನಿಮಿಷ ತೇಲೋದು ಅಭ್ಯಾಸ ಮಾಡ್ಕೊಳ್ಳಿ, ಓಪನ್ ವಾಟರ್ ಕೋರ್ಸಲ್ಲಿ ಎರಡನ್ನೂ ಮಾಡಿ ತೋರಿಸ್ಬೇಕಾಗುತ್ತೆ. ಥಿಯರಿನೂ ಆನ್‌ಲೈನಲ್ಲಿ ಮುಗಿಸಿಬಿಟ್ರೆ ಅಕ್ಟೋಬರ್ ನಂತರ ಸಮುದ್ರದ ಹತ್ರ ಸಿಗೋ ದಿನಗಳನ್ನೆಲ್ಲ ನೀರಲ್ಲೇ ಕಳೀಬಹುದು.