‘ಎ ಯೂನಿವರ್ಸಿಟಿ’ನಾ, ‘ಆ್ಯನ್ ಯೂನಿವರ್ಸಿಟಿ’ನಾ?

ಪ್ರಶ್ನೆ: ಸರ್, ಯೂನಿವರ್ಸಿಟಿ ಪದ ‘ಯು’ ಅಕ್ಷರದಿಂದ ಶುರುವಾಗುತ್ತೆ. ‘ಯು’ ವೊವೆಲ್, ಅಂದ್ರೆ ಸ್ವರ. ಹಾಗಾದ್ರೆ ‘ಆ್ಯನ್’ ಹಾಕಬೇಕು ಅಲ್ವಾ? ಕೀ ಆನ್ಸರ್‌ನಲ್ಲಿ ‘ಎ’ ಅಂತ ಕೊಟ್ಟಿದ್ದಾರೆ.

ಕೀ ಆನ್ಸರ್ ಸರಿಯಾಗಿದೆ. ‘ಎ ಯೂನಿವರ್ಸಿಟಿ’ಯೇ ಸರಿ.

ಇದಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ದಾವಣಗೆರೆಗೆ ಕೋಚಿಂಗ್‌ಗೆ ಬರುವ ಪ್ರತಿ ಬ್ಯಾಚ್‌ನಲ್ಲೂ ಯಾರಾದರೂ ಕೇಳೇ ಕೇಳುತ್ತಾರೆ. ಮೊನ್ನೆ ಜಗಳೂರು ಕಡೆಯ ಹುಡುಗಿಯೊಬ್ಬಳು ನೋಟ್ಸ್ ತೋರಿಸಿದಳು. ಮೊದಲ ಪುಟದಲ್ಲೇ ಕೆಂಪು ಪೆನ್ನಿನಲ್ಲಿ ಚೌಕ ಹಾಕಿ, ‘ಎ, ಇ, ಐ, ಓ, ಯು ಬಂದರೆ ಆ್ಯನ್’ ಎಂದು ಬರೆದುಕೊಂಡಿದ್ದಳು. ಕೆಳಗೆ ಎರಡು ಗೆರೆ ಬೇರೆ. ಆ ಚೌಕವನ್ನು ನಾನೇ ಹೊಡೆದು ಹಾಕಿದೆ.

ಈ ‘ಐದು ಅಕ್ಷರದ ರೂಲ್’ ರೂಲೇ ಅಲ್ಲ. ನೋಡಬೇಕಾದ್ದು ಅಕ್ಷರವನ್ನಲ್ಲ, ಬಾಯಲ್ಲಿ ಮೊದಲು ಬರುವ ಧ್ವನಿಯನ್ನು. ಸ್ವರ ಬಂದರೆ ‘ಆ್ಯನ್’, ವ್ಯಂಜನ ಬಂದರೆ ‘ಎ’. ಇದರಲ್ಲಿ ಕನ್ನಡ ಮೀಡಿಯಂನವರಿಗೇ ಅನುಕೂಲ ಜಾಸ್ತಿ. ನಮ್ಮ ಲಿಪಿ ಧ್ವನಿಯನ್ನೇ ಬರೆಯುತ್ತದೆ. ಆ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದು ನೋಡಿ. ಯೂನಿವರ್ಸಿಟಿ: ಮೊದಲು ‘ಯ’, ಅಂದರೆ ವ್ಯಂಜನ. ಅಂಬ್ರೆಲಾ: ಮೊದಲು ‘ಅ’, ಸ್ವರ. ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲ ಅಕ್ಷರ ಒಂದೇ. ಯೂನಿಫಾರ್ಮ್, ಯೂನಿಯನ್, ಯೂಸ್‌ಫುಲ್, ಯುರೋಪಿಯನ್, ಎಲ್ಲಕ್ಕೂ ‘ಎ’. ಅವರ್, ಆನೆಸ್ಟ್ ಪದಗಳಲ್ಲಿ ‘ಹೆಚ್’ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳಿಸುವುದಿಲ್ಲ. ಅವಕ್ಕೆ ‘ಆ್ಯನ್’.

ಎರಡು ಕಡೆ ಮಾತ್ರ ಹುಷಾರಾಗಿರಿ. ನಾವು ‘ಒನ್ ವೇ’ ಅಂತ ಬರೆಯುತ್ತೇವೆ, ಆದರೆ ಇಂಗ್ಲಿಷ್ ಉಚ್ಚಾರ ‘ವನ್’. ಆದ್ದರಿಂದ ‘ಎ ಒನ್ ರುಪೀ ಕಾಯಿನ್’. ಇನ್ನೊಂದು ನಮ್ಮ ಮಾತಿನ ರೂಢಿ. ಎಂಟನ್ನು ‘ಯೆಂಟು’ ಅಂದ ಹಾಗೆ ಎಮ್ಮೆಲ್ಲೆಯನ್ನು ‘ಯೆಮ್ಮೆಲ್ಲೆ’ ಅಂತೀವಿ. ಆ ‘ಯ’ ನಾವು ಸೇರಿಸಿದ್ದು, ಇಂಗ್ಲಿಷಿನದಲ್ಲ. ಆದ್ದರಿಂದ ‘ಆ್ಯನ್ ಎಮ್ಮೆಲ್ಲೆ’.

ಬಿಡಿಬಿಡಿಯಾಗಿ ಹೇಳುವ ಅಕ್ಷರಗಳಿಗೂ ಇದೇ ಲೆಕ್ಕ. ‘ಎ ಯುಪಿಎಸ್‌ಸಿ ಎಕ್ಸಾಂ’, ಆದರೆ ‘ಆ್ಯನ್ ಎಸ್‌ಎಸ್‌ಸಿ ಎಕ್ಸಾಂ’. ‘ಎ ಪಿಡಿಒ’, ಆದರೆ ‘ಆ್ಯನ್ ಎಫ್‌ಡಿಎ’. ಎಸ್, ಎಫ್, ಎಲ್, ಎಂ ಇವೆಲ್ಲ ಬರಹದಲ್ಲಿ ವ್ಯಂಜನ. ಆದರೆ ಹೆಸರು ಹಿಡಿದು ಕೂಗಿದರೆ ಮೊದಲು ಬರುವುದು ‘ಎ’ ಎಂಬ ಸ್ವರ.

ಸುಮ್ನೆ ಇಷ್ಟುದ್ದ ಹೇಳುತ್ತಿಲ್ಲ. ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, ಒಂದೊಂದಕ್ಕೆ 2 ಅಂಕ. ತಪ್ಪಾದರೆ 0.50 ಕಳೆಯುತ್ತಾರೆ. ಅಂದರೆ ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಎರಡೂವರೆ ಅಂಕದ ಅಂತರ. ವಾಕ್ಯದ ತಪ್ಪು ಹುಡುಕಿ ಅಂದಾಗ ಇಂಥ ಪದವನ್ನೇ ಇಟ್ಟಿರುತ್ತಾರೆ. ಆಮೇಲೆ, ಆರ್ಟಿಕಲ್, ಅಂದರೆ ಈ ‘ಎ’, ‘ಆ್ಯನ್’, ನೋಡುವುದು ಪಕ್ಕದ ಪದವನ್ನು, ದೂರದ ನಾಮಪದವನ್ನಲ್ಲ. ‘ಎ ಯೂನಿವರ್ಸಿಟಿ’ ನಡುವೆ ‘ಓಲ್ಡ್’ ಬಂತೋ, ‘ಆ್ಯನ್ ಓಲ್ಡ್ ಯೂನಿವರ್ಸಿಟಿ’.

ಪ್ರಾಕ್ಟೀಸ್‌ಗೆ ಹೊಸ ಪುಸ್ತಕ ಕೊಳ್ಳಬೇಡಿ. ಬಸ್ಸಿನಲ್ಲಿ ತೋಳಹುಣಸೆಯ ಯೂನಿವರ್ಸಿಟಿಗೆ ಹೋಗುವಾಗ ಕಿಟಕಿಯಾಚೆಯ ಬೋರ್ಡ್‌ಗಳನ್ನು ಓದಿ. ಎಟಿಎಂ, ಎಲ್‌ಐಸಿ ಆಫೀಸ್, ಎಕ್ಸ್‌ರೇ ಸೆಂಟರ್, ಯೂನಿಫಾರ್ಮ್ ಅಂಗಡಿ. ಪ್ರತಿಯೊಂದಕ್ಕೂ ಮನಸ್ಸಿನಲ್ಲೇ ‘ಎ’ನೋ ‘ಆ್ಯನ್’ನೋ ಹಾಕುತ್ತಾ ಹೋಗಿ. ಒಂದು ವಾರ ಸಾಕು, ಕಿವಿಯೇ ಹೇಳಿಕೊಡುತ್ತದೆ.

ಅವರ್ ಪದದಲ್ಲಿ ಕೇಳಿಸದ ‘ಹೆಚ್’ ಯಾಕಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು. ಅವರ್, ಆನೆಸ್ಟ್, ಆನರ್, ವಾರಸುದಾರ ಅನ್ನುವ ಅರ್ಥದ ಏರ್, ಈ ನಾಲ್ಕೂ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಹೀಗೆ ರಾಶಿ ಪದಗಳು ಬಂದವು. ಫ್ರೆಂಚರ ಬಾಯಲ್ಲಿ ಇವುಗಳ ಹಕಾರ ಇರಲಿಲ್ಲ, ಅಕ್ಷರ ಮಾತ್ರ ಬರಹದಲ್ಲಿ ಉಳಿಯಿತು. ಹೌಸ್, ಹ್ಯಾಂಡ್ ಇಂಗ್ಲಿಷಿನ ಸ್ವಂತ ಪದಗಳು, ಅಲ್ಲಿ ‘ಹ’ ಚೆನ್ನಾಗಿ ಕೇಳಿಸುತ್ತದೆ. ಹೋಟೆಲ್ ಕೂಡ ಫ್ರೆಂಚಿನಿಂದಲೇ ಬಂದದ್ದು, ಆದರೆ ತಡವಾಗಿ. ಹಳೆಯ ಪುಸ್ತಕಗಳಲ್ಲಿ ‘ಆ್ಯನ್ ಹೋಟೆಲ್’ ಅಂತ ಕಂಡರೆ ಗಾಬರಿಯಾಗಬೇಡಿ. ಈಗ ಅದರ ‘ಹ’ ಕೇಳಿಸುತ್ತದೆ, ಹಾಗಾಗಿ ಪರೀಕ್ಷೆಯಲ್ಲಿ ‘ಎ ಹೋಟೆಲ್’ ಅಂತಲೇ ಗುರುತು ಮಾಡಿ.