ಎಣಿಸುವ ಪದ, ಅಳೆಯುವ ಪದ: ಮನಸ್ಸು ಗೆರೆ ಎಳೆಯುವುದೆಲ್ಲಿ?

‘ಮೂರು ಕುರ್ಚಿ’ ಸರಿ. ‘ಮೂರು ಮರಳು’ ಕಿವಿಗೆ ಒಗ್ಗದು. ಅದಕ್ಕೆ ಹಿಡಿಯೋ ಬುಟ್ಟಿಯೋ ಬೇಕು. ಇಷ್ಟು ನೋಡಿ ‘ಬಿಡಿ ವಸ್ತುವಿನ ಹೆಸರಿಗೆ ಎಣಿಕೆ, ದ್ರವ್ಯದ ಹೆಸರಿಗೆ ಅಳತೆ’ ಎಂದು ಬರೆದುಕೊಂಡರೆ ಮುಂದೆ ಎಡವುತ್ತೀರಿ. ಇಂಗ್ಲಿಷಿನ ‘ಫರ್ನಿಚರ್’ ವ್ಯಾಕರಣದಲ್ಲಿ ಮರಳಿನ ಗುಂಪಿಗೇ ಸೇರಿದ್ದು, ಬಹುವಚನವಿಲ್ಲ. ಅದು ಸೂಚಿಸುವುದು ಮಾತ್ರ ಬಿಡಿಬಿಡಿ ಮೇಜು, ಕುರ್ಚಿಗಳನ್ನು.

ಹಾಗಾದರೆ ಮನಸ್ಸು ಅದನ್ನು ಎಣಿಸುತ್ತದೋ ಅಳೆಯುತ್ತದೋ? ಮನೋವಿಜ್ಞಾನಿಗಳಾದ ಬಾರ್ನರ್ ಮತ್ತು ಸ್ನೆಡೆಕರ್ 2005ರಲ್ಲಿ ಪ್ರಕಟಿಸಿದ ಪರೀಕ್ಷೆ ಬಲು ಸರಳ. ಒಬ್ಬರ ಮುಂದೆ ದೊಡ್ಡವು ಕೆಲವೇ, ಇನ್ನೊಬ್ಬರ ಮುಂದೆ ಚಿಕ್ಕವು ಹಲವು. ‘ಯಾರ ಹತ್ತಿರ ಹೆಚ್ಚಿದೆ?’ ಎಂದು ಕೇಳಬೇಕು. ದೊಡ್ಡವುಗಳ ಒಟ್ಟು ಗಾತ್ರ ಚಿಕ್ಕವುಗಳ ಒಟ್ಟು ಗಾತ್ರವನ್ನು ಮೀರಿರಲೇಬೇಕು. ಇಲ್ಲದಿದ್ದರೆ ಎಣಿಸಿದರೂ ಅಳೆದರೂ ಉತ್ತರ ಒಂದೇ ಆಗಿ ಪರೀಕ್ಷೆ ವ್ಯರ್ಥ. ಶೂಗಳನ್ನು ಜನ ಎಣಿಸಿದರು, ಟೂತ್‌ಪೇಸ್ಟನ್ನು ಗಾತ್ರದಿಂದ ಅಳೆದರು. ಫರ್ನಿಚರನ್ನು? ಎಣಿಸಿದರು! ಕಲ್ಲು, ದಾರದಂಥ ಪದಗಳಲ್ಲಿ ಇಂಗ್ಲಿಷ್ ರೂಪವೇ ತೀರ್ಪು ಕೊಟ್ಟಿತು: ಬಹುವಚನದಲ್ಲಿ ಕೇಳಿದರೆ ಸಂಖ್ಯೆ, ಏಕವಚನದಲ್ಲಿ ಕೇಳಿದರೆ ಗಾತ್ರ. ನಾಲ್ಕು ವರ್ಷದ ಮಕ್ಕಳೂ ಹೀಗೇ ಉತ್ತರಿಸಿದರು. ಅಂದರೆ ಎಣಿಕೆಯ ವ್ಯಾಕರಣ ಬಿಡಿತನವನ್ನು ಖಚಿತಪಡಿಸುತ್ತದೆ. ಅಳತೆಯ ವ್ಯಾಕರಣ ಅದನ್ನು ಅಳಿಸುವುದಿಲ್ಲ, ಪದದ ಅರ್ಥಕ್ಕೆ ಬಿಡುತ್ತದೆ. ಈ ಅಸಮತೆಯೇ ಇಡೀ ವಿಷಯದ ತಿರುಳು.

ವ್ಯಾಕರಣ ಕಲಿತ ಮೇಲೆಯೇ ಮಗುವಿಗೆ ವಸ್ತು–ದ್ರವ್ಯ ಭೇದ ತಿಳಿಯುತ್ತದೆ ಎಂಬುದು ತತ್ವಜ್ಞಾನಿ ಕ್ವೈನ್ ವಾದ. ಮನೋವಿಜ್ಞಾನಿಗಳಾದ ಸೋಜಾ, ಕ್ಯಾರಿ, ಸ್ಪೆಲ್ಕಿ 1991ರಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷ್ಯ ಕೊಟ್ಟರು. ಗಟ್ಟಿ ವಸ್ತುವಿಗೆ ಹೊಸ ಹೆಸರಿಟ್ಟಾಗ, ಈ ವ್ಯಾಕರಣ ಇನ್ನೂ ಕಲಿಯದ ಎರಡು ವರ್ಷದ ಮಕ್ಕಳು ಅದೇ ಆಕಾರದ ಇನ್ನೊಂದನ್ನು ಆರಿಸಿದರು. ಮೆತ್ತನೆಯ ದ್ರವ್ಯಕ್ಕೆ ಹೆಸರಿಟ್ಟಾಗ ಆಕಾರ ಬಿಟ್ಟು ಅದೇ ದ್ರವ್ಯವನ್ನು.

ಕನ್ನಡದಲ್ಲಿ ಈ ಪರೀಕ್ಷೆ ಮಾಡುವವರು ಒಂದು ಎಚ್ಚರ ವಹಿಸಬೇಕು. ‘ಎಷ್ಟು’ ಎಣಿಕೆ, ಅಳತೆ ಎರಡಕ್ಕೂ ಸಲ್ಲುತ್ತದೆ; ‘ಗಳು’ ನಿರ್ಜೀವ ವಸ್ತುಗಳಿಗೆ ಕಡ್ಡಾಯವಲ್ಲ. ‘ಕಲ್ಲುಗಳು’ ಎಂದರೆ ಎಣಿಕೆ ಸ್ಪಷ್ಟ. ಬರಿಯ ‘ಹೆಚ್ಚು ಕಲ್ಲು’ ಎಂದರೆ ಎಣಿಕೆಯೂ ಆದೀತು, ಅಳತೆಯೂ ಆದೀತು. ಅದನ್ನು ಇಂಗ್ಲಿಷಿನ ಏಕವಚನಕ್ಕೆ ಸಮವೆಂದು ಹಿಡಿದು ಫಲಿತಾಂಶ ಹೋಲಿಸಬಾರದು.