ಮಾರ್ಬಲ್ ಮೇಲಿನ ಬಿಳಿ ಉಂಗುರ ಎಷ್ಟು ಉಜ್ಜಿದರೂ ಯಾಕೆ ಹೋಗಲ್ಲ?

ಪ್ರಶ್ನೆ: ಅಡುಗೆಮನೆಯ ಮಾರ್ಬಲ್ ಕಟ್ಟೆಯ ಮೇಲೆ ಲೋಟದ ತಳದಷ್ಟೇ ಅಗಲದ ಬಿಳಿ ಉಂಗುರ ಬಿದ್ದಿದೆ. ಸೋಪು, ಸೋಡಾ ಹಾಕಿ ಉಜ್ಜಿದೆ, ಹೋಗಲಿಲ್ಲ. ಕೊನೆಗೆ ವಿನೆಗರ್ ಹಾಕಿದೆ. ಈಗ ಸುತ್ತಲಿನ ಜಾಗವೂ ಮಂಕಾಗಿದೆ. ಕಲ್ಲಿಗೆ ಸೀಲರ್ ಬೇರೆ ಹಾಕಿಸಿದ್ದೆವು. ಈ ಕಲೆ ತೆಗೆಯುವುದು ಹೇಗೆ?

ಉತ್ತರ: ಮೊದಲು ಆ ವಿನೆಗರ್ ಬಾಟಲಿಯನ್ನು ಎತ್ತಿ ಒಳಗಿಡಿ. ನೀವು ತೆಗೆಯಲು ಹೊರಟಿರುವ ಕಲೆ ಅಲ್ಲಿ ಇಲ್ಲವೇ ಇಲ್ಲ. ಕಲ್ಲಿನ ಮೇಲೆ ಏನೋ ಅಂಟಿಕೊಂಡಿದ್ದರೆ ತಾನೇ ಉಜ್ಜಿದರೆ ಹೋಗುವುದು? ಇಲ್ಲಿ ಆಗಿರುವುದು ಉಲ್ಟಾ. ಕಲ್ಲಿನ ಮೇಲ್ಪದರವೇ ಸ್ವಲ್ಪ ಕರಗಿ ಹೋಗಿದೆ.

ಮಾರ್ಬಲ್ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪು ಕೂಡ ಬಹುಪಾಲು ಅದೇ. ಇದಕ್ಕೆ ಹುಳಿ ತಾಗಿದರೆ ಆಗಿಬರುವುದಿಲ್ಲ. ನಿಂಬೆರಸ, ವಿನೆಗರ್, ಹಣ್ಣಿನ ಜ್ಯೂಸ್, ಸೋಡಾ ಪಾನೀಯ, ಟಾಯ್ಲೆಟ್ ತೊಳೆಯುವ ಆಸಿಡ್, ಯಾವುದು ಬಿದ್ದರೂ ಕಲ್ಲು ಅದರೊಂದಿಗೆ ಬೆರೆತು ಕರಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಆಸಿಡ್ ಜೋರಾಗಿದ್ದರೆ ಸಣ್ಣ ನೊರೆ ಕಣ್ಣಿಗೇ ಕಾಣಿಸುತ್ತದೆ. ಹೊಳಪು ಅನ್ನುವುದು ಕಲ್ಲಿಗೆ ಬಳಿದ ಬಣ್ಣವಲ್ಲ. ಕನ್ನಡಿಯಷ್ಟು ಸಮನಾಗಿ ಉಜ್ಜಿದ ಮೈಯಿಂದ ಬೆಳಕು ನೇರವಾಗಿ ವಾಪಸ್ ಬಂದರೆ ಅದೇ ಹೊಳಪು. ಹುಳಿ ಆ ಮೈಯನ್ನು ತರಿತರಿ ಮಾಡುತ್ತದೆ. ಬೆಳಕು ಚೆದುರುತ್ತದೆ, ನಮಗೆ ಬೆಳ್ಳಗೆ ಮಂಕಾಗಿ ಕಾಣುತ್ತದೆ. ಪಾಲಿಷ್ ಕೆಲಸದವರು ಇದಕ್ಕೆ ‘ಆಸಿಡ್ ತಿಂದಿದೆ’ ಅನ್ನುತ್ತಾರೆ. ಸರಿಯಾದ ಮಾತು.

ಹಾಗಾದರೆ ಸೀಲರ್ ಏನು ಮಾಡುತ್ತಿತ್ತು? ಈ ಪ್ರಶ್ನೆ ಬಹಳ ಜನರಿಗೆ ಇದೆ. ಮನೆಗಳಲ್ಲಿ ಹೆಚ್ಚಾಗಿ ಹಾಕುವ ಸೀಲರ್ ಕಲ್ಲಿನ ಒಳಗಿನ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಕೂರುತ್ತದೆ. ಎಣ್ಣೆ, ಕಾಫಿ, ಬಣ್ಣ ಒಳಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಮೇಲಿನ ಮೈ ಬೆತ್ತಲೆಯಾಗಿಯೇ ಇರುತ್ತದೆ. ಹುಳಿ ತಾಗುವುದು ಅಲ್ಲಿಗೇ. ‘ಸೀಲರ್ ಹಾಕಿದರೆ ಏನೂ ಆಗಲ್ಲ’ ಎಂದು ಯಾರಾದರೂ ಹೇಳಿದ್ದರೆ ಅರ್ಧ ಸತ್ಯ ಹೇಳಿದ್ದಾರೆ ಅಷ್ಟೇ.

ಈಗ ನಿಮ್ಮ ಉಂಗುರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕಲ್ಲಿಗೆ ಬಹುತೇಕ ತಾಗಿಸಿ ಅಡ್ಡಲಾಗಿ ಹಿಡಿಯಿರಿ. ಹೊಳೆಯುವ ಮೈಯ ನಡುವೆ ಉಂಗುರ ಮಂಜು ಕವಿದಂತೆ ಕಾಣಿಸುತ್ತದೆ. ಜೋರಾಗಿ ಉಜ್ಜಿದ ಕಡೆ ಕೂದಲೆಳೆಯಂಥ ಗೀರುಗಳೂ ಕಾಣಬಹುದು. ಆಮೇಲೆ ಕಣ್ಣು ಮುಚ್ಚಿ ಉಗುರನ್ನು ನಿಧಾನವಾಗಿ ಅದರ ಮೇಲೆ ಎಳೆಯಿರಿ. ಅಂಚಿನಲ್ಲಿ ಉಗುರು ಎಲ್ಲೂ ತಡೆಯದೆ ಜಾರಿದರೆ ಬಚಾವ್, ಮನೆಯಲ್ಲೇ ಸರಿ ಮಾಡಬಹುದು. ಉಗುರು ಸಿಕ್ಕಿಕೊಂಡರೆ ಗುಂಡಿ ಬಿದ್ದಿದೆ ಎಂದರ್ಥ.

ಉಗುರಿಗೆ ಸಿಗದ ಮಂಕಿಗೆ ಮಾರ್ಬಲ್ ಪಾಲಿಷಿಂಗ್ ಪೌಡರ್ ಸಾಕು. ಅದರಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಟಿನ್ ಆಕ್ಸೈಡ್‌ನ ತುಂಬಾ ನುಣ್ಣನೆಯ ಪುಡಿ ಇರುತ್ತದೆ. ಕೆಲವದರಲ್ಲಿ ಆಕ್ಸಾಲಿಕ್ ಆಸಿಡ್ ಕೂಡ ಇರುತ್ತದೆ, ಹಾಗಾಗಿ ಗ್ಲೌಸ್ ಹಾಕಿಕೊಳ್ಳಿ, ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ. ಜಾಗವನ್ನು ಒರೆಸಿ, ಒಂದು ಚಿಟಿಕೆ ಪುಡಿ ಉದುರಿಸಿ, ಒದ್ದೆ ಹತ್ತಿ ಬಟ್ಟೆಯಿಂದ ಸುತ್ತು ಸುತ್ತಾಗಿ ಒತ್ತಿ ಉಜ್ಜಿ. ಕೆಲವು ನಿಮಿಷ ಹಿಡಿಯುತ್ತದೆ. ಒಣಗಲು ಬಿಡಬೇಡಿ, ಆಗಾಗ ಎರಡು ಹನಿ ನೀರು ಹಾಕಿ. ಆಮೇಲೆ ಚೆನ್ನಾಗಿ ತೊಳೆದು ಒರೆಸಿ. ಮೊದಲ ಸಲಕ್ಕೆ ಪೂರ್ತಿ ಬರದಿದ್ದರೆ ಇನ್ನೊಂದು ಸಲ. ಕೈ ನೋಯುತ್ತದೆ, ಅದು ನಿಜ. ಒಂದು ಎಚ್ಚರಿಕೆ: ನಿಮ್ಮ ಕಲ್ಲು ಮೊದಲಿನಿಂದಲೂ ಹೊಳಪಿಲ್ಲದ ಮ್ಯಾಟ್ ಫಿನಿಷ್ ಆಗಿದ್ದರೆ ಈ ಪುಡಿ ಮುಟ್ಟಬೇಡಿ. ಮಂಕಿನ ನಡುವೆ ಒಂದು ಹೊಳೆಯುವ ಮಚ್ಚೆ ಆಗುತ್ತದೆ. ಅಂಥ ಕಲ್ಲಿಗೆ 400 ಅಥವಾ 600 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ಸಾಕು, ನೀರು ಹಾಕಿ ಮೆಲ್ಲಗೆ ಉಜ್ಜಿದರೆ ಆಯಿತು.

ಗುಂಡಿ ಬಿದ್ದಿದ್ದರೆ ಕಥೆ ಬೇರೆ. ಸುತ್ತಲಿನ ಕಲ್ಲನ್ನೂ ಆ ಗುಂಡಿಯ ಮಟ್ಟಕ್ಕೆ ಇಳಿಸಬೇಕು. ವಜ್ರದ ಪುಡಿ ಇರುವ ಡೈಮಂಡ್ ಪ್ಯಾಡ್‌ನಲ್ಲಿ ನೀರು ಹಾಕುತ್ತಾ 200, 400, 800, 1500, 3000 ನಂಬರ್, ಹೀಗೆ ಒರಟಿನಿಂದ ನುಣುಪಿಗೆ ಹೋಗುತ್ತಾರೆ. ಪ್ರತಿ ಪ್ಯಾಡಿನ ಕೆಲಸ ಹಿಂದಿನ ಪ್ಯಾಡ್ ಬಿಟ್ಟ ಗೀರು ಅಳಿಸುವುದು. ನಡುವೆ ಒಂದನ್ನು ಹಾರಿಸಿದರೆ ಕೊನೆಯವರೆಗೂ ಗೀರು ಉಳಿಯುತ್ತದೆ. ನಾನು ಒಮ್ಮೆ ಜಾಣತನ ಮಾಡಲು ಹೋಗಿ ಸ್ಟೀಲ್ ಸ್ಕ್ರಬ್ಬರ್‌ನಿಂದ ತಿಕ್ಕಿದ್ದೆ. ಗೀರುಗಳ ಜೊತೆಗೆ ಉದುರಿದ ಸ್ಟೀಲ್ ಎಳೆಗಳು ತೇವಕ್ಕೆ ತುಕ್ಕು ಹಿಡಿದು ಕಂದು ಚುಕ್ಕೆಗಳನ್ನೂ ಬಿಟ್ಟವು. ಒಂದು ತೊಂದರೆ ಮೂರಾಯಿತು.

ಎಣ್ಣೆ, ಬಣ್ಣ ಕಲ್ಲಿನ ಒಳಗೆ ಇಳಿದು ಆದ ಕಲೆಗೆ ದಾರಿಯೇ ಬೇರೆ. ಗುರುತಿಸುವುದು ಸುಲಭ: ಹುಳಿ ತಿಂದ ಜಾಗ ಬೆಳ್ಳಗೆ ಮಂಕಾಗಿರುತ್ತದೆ, ಕಲೆ ಆದ ಜಾಗ ಗಾಢವಾಗಿ ಕಾಣುತ್ತದೆ. ಎಣ್ಣೆ ಇಳಿದ ಕಲ್ಲು ಸದಾ ಒದ್ದೆಯಾಗಿರುವಂತೆ ತೋರುತ್ತದೆ, ಆದರೆ ಹೊಳಪು ಹಾಗೇ ಇರುತ್ತದೆ. ಇದಕ್ಕೆ ಮೇಲಿಂದ ಉಜ್ಜಿ ಪ್ರಯೋಜನವಿಲ್ಲ, ಒಳಗಿನಿಂದ ಎಳೆಯಬೇಕು. ಊದಿಕೊಂಡ ಕುರುವಿಗೆ ಮದ್ದು ಮೆತ್ತಿ ಪಟ್ಟು ಹಾಕುತ್ತಿದ್ದರಲ್ಲ, ಅದೇ ಉಪಾಯ. ಟಾಲ್ಕಂ ಪೌಡರ್ ಅಥವಾ ಬಿಳಿ ಜೇಡಿಪುಡಿಗೆ ಅಸಿಟೋನ್ ಹಾಕಿ ಟೂತ್‌ಪೇಸ್ಟ್‌ನಷ್ಟು ಗಟ್ಟಿ ಕಲಸಿ, ಕಲೆಗಿಂತ ಸ್ವಲ್ಪ ಅಗಲಕ್ಕೆ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಮೆತ್ತಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಚ್ಚಿ, 24 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಈ ಒಣಗುವ ಹೊತ್ತೇ ಮುಖ್ಯ. ಅಸಿಟೋನ್ ಒಳಗಿಳಿದು ಎಣ್ಣೆಯನ್ನು ಕರಗಿಸಿರುತ್ತದೆ, ಒಣಗುವಾಗ ಅದು ಎಣ್ಣೆಯ ಸಮೇತ ಪುಡಿಗೆ ಏರುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಒಲೆ ಆರಿಸಿ ಕಿಟಕಿ ತೆರೆದಿಡಿ. ಕಾಫಿ, ಟೀ, ಎಲೆಯ ಕಲೆಗಳಿಗೆ ಅಸಿಟೋನ್ ಬದಲು ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ. ಕಪ್ಪು ಕಲ್ಲಿಗೆ ಮಾತ್ರ ಅದು ಬೇಡ, ಬಣ್ಣ ತಿಳಿಯಾಗಬಹುದು. ಪಟ್ಟು ಹಾಕುವುದು ಸಣ್ಣ ಮನೆಮದ್ದು ಅಂದುಕೊಳ್ಳಬೇಡಿ. ತಾಜ್ ಮಹಲಿನ ಹಳದಿಗಟ್ಟಿದ ಅಮೃತಶಿಲೆಗೂ ಪುರಾತತ್ವ ಇಲಾಖೆಯವರು ಮುಲ್ತಾನಿ ಮಿಟ್ಟಿಯ ಪಟ್ಟನ್ನೇ ಹಾಕಿದ್ದಾರೆ.

ಗ್ರಾನೈಟ್ ಇರುವವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದರಲ್ಲಿರುವುದು ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್, ನಿಂಬೆರಸಕ್ಕೆ ಜಗ್ಗುವುದಿಲ್ಲ. ಆದರೆ ಕೆಲವು ತುಕ್ಕು ತೆಗೆಯುವ ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಅದು ಗ್ರಾನೈಟನ್ನೂ ಬಿಡುವುದಿಲ್ಲ, ಕೈಗಂತೂ ಭಾರೀ ಅಪಾಯ. ಸುಣ್ಣಕಲ್ಲು, ಟ್ರಾವರ್ಟೈನ್ ಎರಡೂ ಮಾರ್ಬಲ್ ವಂಶದವೇ, ಹುಳಿ ಆಗದು. ನಿಮ್ಮದು ಯಾವ ಕಲ್ಲು ಅಂತ ಗೊತ್ತಿಲ್ಲವಾ? ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ ಐದು ನಿಮಿಷ ಬಿಟ್ಟು ಒರೆಸಿ. ಮಂಕಾದರೆ ಮಾರ್ಬಲ್ ವಂಶದ ಕಲ್ಲು.

ದಿನದ ಆರೈಕೆಗೆ ಬೇಕಾಗುವುದು ತೀರಾ ಕಡಿಮೆ. ಒರೆಸುವ ನೀರಿಗೆ ಪಿಎಚ್ 7ರ ಆಸುಪಾಸಿನ, ಅಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಸೋಪು, ಅದೂ ಸ್ವಲ್ಪ. ಜಾಸ್ತಿ ಹಾಕಿದರೆ ಅದೇ ಪದರ ಕಟ್ಟಿ ಮಂಕಾಗಿಸುತ್ತದೆ. ಬ್ಲೀಚ್ ಮತ್ತು ಆಸಿಡ್ ಕ್ಲೀನರ್ ಒಟ್ಟಿಗೆ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ನೆಲಕ್ಕೆ ದೊಡ್ಡ ಶತ್ರು ಮಾತ್ರ ಹುಳಿಯಲ್ಲ, ಮರಳು. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಮಾರ್ಬಲ್ 3ರ ಹತ್ತಿರ, ಮರಳಿನ ಕ್ವಾರ್ಟ್ಜ್ 7. ಚಪ್ಪಲಿಗೆ ಅಂಟಿ ಬಂದ ಮರಳು ಕಾಲಡಿಯಲ್ಲಿ ವಾಟರ್ ಪೇಪರಿನಂತೆ ಕೆಲಸ ಮಾಡುತ್ತದೆ. ಬಾಗಿಲಿಂದ ಅಡುಗೆಮನೆಗೆ ಓಡಾಡುವ ದಾರಿಯಷ್ಟೇ ಮಂಕಾಗಿ, ಮಂಚದ ಕೆಳಗೆ ಹೊಸದರಂತೆ ಹೊಳೆಯುತ್ತಿರುತ್ತದೆ ಅಲ್ವಾ? ಕಾರಣ ಅದೇ. ಗುಡಿಸದೆ ಸುಮ್ನೆ ಒದ್ದೆ ಬಟ್ಟೆ ಎಳೆದರೆ ಮರಳನ್ನು ಉಜ್ಜಿದ ಹಾಗೆ. ಬಾಗಿಲಲ್ಲಿ ಒಂದು ಒಳ್ಳೆಯ ಕಾಲೊರಸು, ಒರೆಸುವ ಮುಂಚೆ ಗುಡಿಸುವುದು, ಇವೆರಡೂ ಯಾವ ದುಬಾರಿ ದ್ರಾವಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಸೀಲರ್ ಮತ್ತೆ ಬೇಕಾ ಅಂತ ತಿಳಿಯಲು ಕಲ್ಲಿನ ಮೇಲೆ ಒಂದು ಚಮಚ ನೀರು ಹಾಕಿ 10 ನಿಮಿಷ ಬಿಡಿ. ಒರೆಸಿದಾಗ ಆ ಜಾಗ ಕಪ್ಪಾಗಿದ್ದರೆ ನೀರು ಇಳಿದಿದೆ, ಬೇಕು. ಮೊದಲಿನಂತೆಯೇ ಇದ್ದರೆ ದುಡ್ಡು ಉಳಿಯಿತು.

ನೆಲ ಪೂರ್ತಿ ಮಂಕಾಗಿ ಪಾಲಿಷ್‌ನವರನ್ನು ಕರೆಸುವುದಾದರೆ, ಉಜ್ಜುತ್ತಾರೋ ಅಥವಾ ವ್ಯಾಕ್ಸ್ ಬಳಿದು ಹೋಗುತ್ತಾರೋ ಮೊದಲೇ ಕೇಳಿ. ವ್ಯಾಕ್ಸ್ ಒಂದಷ್ಟು ದಿನ ಮಿಂಚಿ, ಆಮೇಲೆ ಧೂಳು ಹಿಡಿದು ಹಳದಿಯಾಗುತ್ತದೆ. ಮೂಲೆಯಲ್ಲಿ ಒಂದು ಗೇಣು ಜಾಗ ಮಾಡಿ ತೋರಿಸಲು ಹೇಳಿ. ಆದರೆ ಅದನ್ನು ಆಗಲೇ ನೋಡಿ ಒಪ್ಪಬೇಡಿ, ಒದ್ದೆ ಕಲ್ಲು ಎಲ್ಲವೂ ಹೊಳೆಯುತ್ತದೆ. ಮಾರನೇ ದಿನ, ಪೂರ್ತಿ ಒಣಗಿದ ಮೇಲೆ, ಟಾರ್ಚ್ ಅಡ್ಡ ಹಿಡಿದು ನೋಡಿ ಹೇಳಿ.